ತಲಪಾಡಿಯಿಂದ ಮಾಜಾಳಿಯವರೆಗೆ

ಕರ್ನಾಟಕದ ಕರಾವಳಿಯಲ್ಲಿ ಹಳೆಯ ದೊಡ್ಡ ದಾರಿಗಳೆಲ್ಲ ಮೂಡಣದಿಂದ ಪಡುವಣಕ್ಕೆ ಇಳಿದವು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟ. ತೆಂಕಲಿಗೆ ಹೊಸಂಗಡಿ, ಆಗುಂಬೆ, ಚಾರ್ಮಾಡಿ, ಶಿರಾಡಿ. ಅಕ್ಕಿ, ಮೆಣಸು, ಅಡಿಕೆ, ಉಪ್ಪು, ಒಣಮೀನು ಎಲ್ಲ ಹೀಗೆ ಹತ್ತಿ ಇಳಿದು ಓಡಾಡಿದವು. ತೆಂಕು–ಬಡಗು ಹೋಗಬೇಕಾದ ಸರಕಿಗೆ ಕಡಲಿತ್ತು. ಮಂಗಳೂರು, ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಬೇಲೇಕೇರಿ, ಕಾರವಾರ — ಒಂದು ಬಂದರಿನಿಂದ ಇನ್ನೊಂದಕ್ಕೆ ಹಾಯಿ ಬಿಚ್ಚಿದರೆ ಸಾಕಿತ್ತು. ನೆಲದ ಮೇಲೆ ಉದ್ದಕ್ಕೆ ಹೋಗುವ ದಾರಿ ಯಾರಿಗೂ ತುರ್ತಿನದಾಗಿರಲಿಲ್ಲ.

ತುರ್ತಾಗಿದ್ದರೂ ಅದು ಸುಲಭವಿರಲಿಲ್ಲ. ಮಂಗಳೂರಿನಿಂದ ಹೊರಟವನು ಗುರುಪುರ ಹೊಳೆ, ಪಾವಂಜೆಯ ನಂದಿನಿ, ಮೂಲ್ಕಿಯ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದ ಸ್ವರ್ಣಾ, ಮಾಬುಕಳದ ಸೀತೆ ಇಷ್ಟನ್ನೂ ದಾಟಿ ಕುಂದಾಪುರ ಮುಟ್ಟಬೇಕು. ಅಲ್ಲಿ ಹಾಲಾಡಿ ಹೊಳೆ, ಚಕ್ರಾ, ಸೌಪರ್ಣಿಕಾ ಸಾಲಾಗಿ ಕಾದಿರುತ್ತವೆ. ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಒಂದೊಂದೂ ಕಡಲ ಹತ್ತಿರ ಬಂದಾಗ ಹರಡಿಕೊಂಡು, ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿಯುವ ಅಳಿವೆ. ದಕ್ಷಿಣದಲ್ಲಿ ಕಡವು, ಉತ್ತರ ಕನ್ನಡದಲ್ಲಿ ತಾರಿ ಎಂದು ಕರೆದ ದೋಣಿದಾಟುಗಳೇ ಆ ದಾರಿಯ ಠಾಣೆಗಳು. ಬಸ್ಸುಗಳು ಬಂದ ಮೇಲೂ ಬಹುಕಾಲ ಇದೇ ನಡೆಯಿತು. ಬಸ್ಸು ಹೊಳೆಯ ಈಚೆ ದಡದಲ್ಲಿ ನಿಲ್ಲುತ್ತಿತ್ತು. ಜನ ಗಂಟುಮೂಟೆ ಹೊತ್ತು ದೋಣಿ ಹತ್ತಿ, ಆಚೆ ದಡದಲ್ಲಿ ಕಾಯುತ್ತಿದ್ದ ಇನ್ನೊಂದು ಬಸ್ಸಿಗೆ ಓಡುತ್ತಿದ್ದರು. ಮೋಟಾರು ದಾಟಬೇಕೆಂದರೆ ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ಸಾಗಿಸಬೇಕಿತ್ತು. ಆಟಿಯ ಮಳೆಯಲ್ಲಿ ಹೊಳೆ ಕೆಂಪಗೆ ಏರಿತೆಂದರೆ ಅದೂ ಇಲ್ಲ.

ಇದರ ಜೊತೆಗೆ ಆಡಳಿತದ ಗೆರೆಯೊಂದು ಈ ನೆಲವನ್ನು ಎರಡು ಮಾಡಿತ್ತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕಂಪನಿಯ ಕೈಗೆ ಬಂದ ಕೆನರಾ ಜಿಲ್ಲೆಯನ್ನು ಬ್ರಿಟಿಷರು ಒಡೆದರು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಕುಂದಾಪುರ ತಾಲೂಕಿನಿಂದ ತೆಂಕಲು ಮದರಾಸಿನಲ್ಲೇ ಉಳಿಯಿತು. ಭಟ್ಕಳದ ರಸ್ತೆಯ ಹಣ ಒಂದು ರಾಜಧಾನಿಯಿಂದ, ಬೈಂದೂರಿನದು ಇನ್ನೊಂದರಿಂದ. ಇಬ್ಬರ ಪಾಲಿಗೂ ಇದು ಮೂಲೆಯ ಜಿಲ್ಲೆ. ಇನ್ನೂ ಬಡಗಕ್ಕೆ ಹೋದರೆ ಮಾಜಾಳಿಯ ಆಚೆ ಪೋರ್ತುಗೀಸರ ಗೋವೆ. 1961ರ ಡಿಸೆಂಬರ್‌ವರೆಗೂ ಅದು ಪರದೇಶದ ಗಡಿ. ಅಲ್ಲಿಗೆ ಹೋಗಿ ನಿಂತುಬಿಡುವ ರಸ್ತೆಗೆ ಹಣ ಸುರಿಯಲು ಯಾವ ಸರಕಾರಕ್ಕೂ ಮನಸ್ಸಾಗಲಿಲ್ಲ.

1956ರ ನವೆಂಬರ್ 1ರಂದು ಎರಡೂ ಕನ್ನಡ ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದವು, ಕಾಸರಗೋಡು ಕೇರಳಕ್ಕೆ ಹೋಯಿತು. ಆ ದಿನದಿಂದಲೇ ಈ ರಸ್ತೆಗೆ ಇಂದಿನ ಎರಡು ತುದಿಗಳು ಸಿಕ್ಕಿದ್ದು: ತೆಂಕಲಿಗೆ ತಲಪಾಡಿ, ಬಡಗಲಿಗೆ ಮಾಜಾಳಿ. ಮುಂಬಯಿಯಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿ ರಸ್ತೆಯೊಂದು ಬೇಕೆಂಬ ಯೋಚನೆ ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲೇ ದೆಹಲಿಯ ಕಾಗದಗಳಲ್ಲಿ ಇತ್ತು. ಅದನ್ನು ಕಾಗದದಿಂದ ಕೆಳಗಿಳಿಸಲು ದೆಹಲಿಯಲ್ಲಿ ಬೆನ್ನುಬಿದ್ದವರಲ್ಲಿ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರನ್ನು ಕರಾವಳಿ ಇವತ್ತಿಗೂ ಮೊದಲು ಹೇಳುತ್ತದೆ. ಬಜ್ಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು, ಈ ರಸ್ತೆ — ಬಿಡಿಬಿಡಿಯಾಗಿ ಕಾಣುವ ಇವುಗಳನ್ನು ಅವರು ಒಂದೇ ಕೆಲಸವೆಂದು ಕಂಡರು. ಬಂದರು ಕಟ್ಟಿ ರಸ್ತೆ ಕಟ್ಟದಿದ್ದರೆ ಹಡಗು ತಂದ ಸರಕು ಮರಳ ಮೇಲೆಯೇ ಉಳಿಯುತ್ತದೆ ಎಂಬುದು ಕಡಲೂರಿನವನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಮಲ್ಯರು 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ರಸ್ತೆ ಇನ್ನೂ ತಡವಾಯಿತು.

ತಡವಾದದ್ದು ಸೇತುವೆಗಳಿಂದ. ನೆಲದ ಮೇಲಿನ ರಸ್ತೆಗೆ ಕೆಂಪುಕಲ್ಲು, ಜಲ್ಲಿ, ಡಾಮರು ಇದ್ದರೆ ಆಯಿತು. ಅಳಿವೆಯ ಕೆಸರಿನಲ್ಲಿ ಕಂಬ ಊರುವುದಕ್ಕೆ ಹಣವೂ ಬೇಕು, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳೂ ಬೇಕು. ಹಾಗಾಗಿ ರಸ್ತೆ ತೆಂಕಣದಿಂದ ಬಡಗಣಕ್ಕೆ ಒಂದೊಂದೇ ಹೊಳೆಯನ್ನು ಗೆದ್ದುಕೊಂಡು ಸಾಗಿತು. ಮಂಗಳೂರಿನ ಹೊರಗೆ ಕೂಳೂರಿನಲ್ಲಿ ಗುರುಪುರ ಹೊಳೆಗೆ ಕಮಾನಿನ ಸೇತುವೆ ಬಂದದ್ದು 1952ರಲ್ಲಿ. ಕಾಳಿ ನದಿಗೆ, ಕೋಡಿಬಾಗದಿಂದ ಸದಾಶಿವಗಡಕ್ಕೆ, ಸೇತುವೆ ಬಂದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಈ ಎರಡರ ನಡುವೆ ಮೂವತ್ತು ವರ್ಷ. ಒಂದು ಪೀಳಿಗೆ ಹುಟ್ಟಿ, ಶಾಲೆ ಮುಗಿಸಿ, ಮುಂಬಯಿಯ ಹೋಟೆಲಿನ ಕೆಲಸಕ್ಕೆ ಹೊರಟುಹೋಗುವಷ್ಟು ಕಾಲ. ಹಾಗೆ ಹೋದವರು ಊರಿಗೆ ಮರಳುವಾಗ ತಾರಿಯ ದಡದಲ್ಲಿ ಕಾದ ನೆನಪುಗಳನ್ನು ಇಂದಿನ ಹಿರಿಯರು ಹೇಳುತ್ತಾರೆ. ಸೇತುವೆಗಳೆಲ್ಲ ಕೂಡಿದ ಮೇಲೆ 17ರ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ನಿಜವಾಗಿ ಒಂದು ರಸ್ತೆಯಾಯಿತು. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಬೇಕಾದ ರಸ್ತೆ, ಆದರೂ ಒಂದು ರಸ್ತೆ.

ಆ ರಸ್ತೆ ಹದಿನೈದು ವರ್ಷ ಕಳೆಯುವುದರೊಳಗೆ ಸಾಲದಾಯಿತು. ಈ ನಡುವೆ ಕರಾವಳಿಯಲ್ಲಿ ಎರಡು ದೊಡ್ಡ ಕೆಲಸಗಳು ನಡೆದವು. ಹೆದ್ದಾರಿಯ ಮುಂದಿನ ಕಥೆ ಅವುಗಳ ನೆರಳಿನಲ್ಲೇ ನಡೆಯಿತು. ಒಂದು, ಕೊಂಕಣ ರೈಲು. 1990ರಲ್ಲಿ ನಿಗಮ ರಚನೆಯಾಗಿ, 1998ರ ಜನವರಿಯಲ್ಲಿ ಇಡೀ ಮಾರ್ಗ ದೇಶಕ್ಕೆ ಅರ್ಪಣೆಯಾಯಿತು. ಇದೇ ಹೊಳೆಗಳು, ಇದೇ ಗುಡ್ಡಗಳು, ಇದೇ ಮಳೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಆ ಎಂಟು ವರ್ಷಗಳೊಳಗೇ ಎದ್ದಿತು. ಕರಾವಳಿಯ ನೆಲ ಕಷ್ಟದ್ದು, ಅದಕ್ಕೇ ತಡ ಎನ್ನುವವರಿಗೆ ಆ ಸೇತುವೆಯನ್ನು ತೋರಿಸಬೇಕೆನ್ನಿಸುತ್ತದೆ. ಇನ್ನೊಂದು, ಕಾರವಾರದ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಊರುಗಳು ಎದ್ದುಹೋದವು. ಘಟ್ಟಕ್ಕೂ ಕಡಲಿಗೂ ನಡುವೆ ಇರುವುದೇ ಕಿರಿದಾದ ಪಟ್ಟಿ. ಅದರಲ್ಲಿ ನೌಕಾಪಡೆ ಒಂದು ಪಾಲು ತೆಗೆದುಕೊಂಡಿತು, ರೈಲು ಒಂದು ಪಾಲು. ಹೆದ್ದಾರಿ ಮೂರನೆಯದಾಗಿ ಬಂದಾಗ, ಆಗಲೇ ಒಮ್ಮೆ ಎದ್ದು ಬಂದು ಹೊಸ ಮನೆ ಕಟ್ಟಿಕೊಂಡವರ ಅಂಗಳದಲ್ಲೂ ಸರ್ವೆಯ ಕಲ್ಲು ಬಿತ್ತು.

ಚತುಷ್ಪಥದ ಯೋಜನೆ ನೆಲಕ್ಕೆ ಬಂದದ್ದು 2010ರ ಹೊತ್ತಿಗೆ. ಅದೇ ಸುಮಾರಿಗೆ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟರು, 17 ಹೋಗಿ 66 ಆಯಿತು. ರಾಜ್ಯದೊಳಗಿನ ಸುಮಾರು 280 ಕಿಲೋಮೀಟರನ್ನು ಎರಡು ದೊಡ್ಡ ತುಂಡು ಮಾಡಿ ಖಾಸಗಿ ಕಂಪನಿಗಳಿಗೆ ವಹಿಸಿದರು. ತಲಪಾಡಿಯಿಂದ ಕುಂದಾಪುರದವರೆಗಿನ 90 ಕಿಲೋಮೀಟರು ನವಯುಗ ಕಂಪನಿಗೆ 2010ರಲ್ಲಿ. ಕುಂದಾಪುರದಿಂದ ಗೋವಾ ಗಡಿಯವರೆಗಿನ ಸುಮಾರು 190 ಕಿಲೋಮೀಟರು ಐಆರ್‌ಬಿಗೆ. ಅಲ್ಲಿ ಕೆಲಸ ಶುರುವಾದದ್ದು 2014ರಲ್ಲಿ. ಮಂಗಳೂರಿನ ನಂತೂರಿನಿಂದ ಸುರತ್ಕಲ್‌ವರೆಗಿನ ನಡುವಿನ ತುಂಡು ಬಂದರು ಸಂಪರ್ಕ ರಸ್ತೆಯ ಹೆಸರಿನಲ್ಲಿ ಬೇರೆಯೇ ಲೆಕ್ಕ. ಎರಡು ದೊಡ್ಡ ತುಂಡುಗಳಿಗೂ ಕೊಟ್ಟ ಗಡುವು ಮೂರು ವರ್ಷದ ಆಸುಪಾಸು. ಎರಡೂ ಗಡುವುಗಳು ದಾಟಿ ಎಷ್ಟೋ ವರ್ಷಗಳಾದ ಮೇಲೂ ಜೆಸಿಬಿಗಳು ರಸ್ತೆಯ ಮೇಲಿದ್ದವು.

ಏಕೆ? ಮೊದಲ ಕಾರಣ ಭೂಮಿ. ಎಷ್ಟು ಅಗಲ ಬೇಕು ಎಂಬುದೇ ತೀರ್ಮಾನವಾಗದೆ ಸರ್ವೆ ನಡೆಯಿತು. ಹೆದ್ದಾರಿಯ ನಿಯಮದ 60 ಮೀಟರ್ ಈ ಒತ್ತೊತ್ತಾದ ಊರುಗಳಲ್ಲಿ ಸಾಧ್ಯವಿರಲಿಲ್ಲ. ಅದು 45ಕ್ಕೆ ಇಳಿಯಿತು. ಕೆಲವು ಪೇಟೆಗಳ ಜನ ಅದನ್ನೂ ಇಳಿಸಿ ಎಂದರು. ಪಡುಬಿದ್ರಿಯಲ್ಲಿ ಬೈಪಾಸೋ, ಪೇಟೆಯೊಳಗೇ ಅಗಲೀಕರಣವೋ ಎಂಬ ಜಗ್ಗಾಟ ವರ್ಷಗಟ್ಟಲೆ ಎಳೆದು, ಕೊನೆಗೆ ರಸ್ತೆ ಪೇಟೆಯೊಳಗೇ ಹಾದಿತು. ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು ಎಂದು ಇಂಥ ಜನರನ್ನು ಹೊರಗಿನವರು ಬೈದದ್ದುಂಟು. ಕರಾವಳಿಯಲ್ಲಿ ಒಬ್ಬರ ಹತ್ತಿರ ಇರುವುದೇ ಐದು ಸೆಂಟ್ಸೋ ಹತ್ತು ಸೆಂಟ್ಸೋ ಜಾಗ. ಎದುರಿಗೆ ಅಂಗಡಿ, ಹಿಂದೆ ಮನೆ, ಬಾವಿ, ಎರಡು ತೆಂಗಿನಮರ, ಮೂಲೆಯಲ್ಲಿ ನಾಗನ ಕಟ್ಟೆ. ಅದರಲ್ಲಿ ಮುಂದಿನ ಹದಿನೈದು ಅಡಿ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಬದುಕು ಹೋಯಿತು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಪರಿಹಾರದ ಕಾನೂನು ನಡುದಾರಿಯಲ್ಲಿ ಬದಲಾದದ್ದು ಇದನ್ನು ಇನ್ನಷ್ಟು ಕಗ್ಗಂಟು ಮಾಡಿತು. ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಕೆಳಗೆ. 2013ರಲ್ಲಿ ಬಂದ ಹೊಸ ಭೂಸ್ವಾಧೀನ ಕಾಯಿದೆ ರೈತನಿಗೆ ಎಷ್ಟೋ ಹೆಚ್ಚು ಪರಿಹಾರ ಕೊಟ್ಟಿತು, ಆದರೆ ಆ ಲೆಕ್ಕ ಹೆದ್ದಾರಿಗಳಿಗೆ ಅನ್ವಯವಾದದ್ದು 2015ರ ಜನವರಿ 1ರಿಂದ. ಸರಕಾರದ ಮಾತು ನಂಬಿ ಮೊದಲೇ ಜಾಗ ಬಿಟ್ಟುಕೊಟ್ಟವರಿಗೆ ಹಳೆಯ ದರ. ಕೊನೆಯವರೆಗೂ ಬಿಡದೆ ನಿಂತವರಿಗೆ ಹೊಸ ದರ. ಒಂದೇ ಗ್ರಾಮದಲ್ಲಿ, ಒಂದೇ ಬೇಲಿಯ ಆಚೆಈಚೆ ಇಂಥ ಅಂತರ ಬಂದರೆ ಮುಂದಿನ ಬಾರಿ ಯಾರು ಸರಕಾರವನ್ನು ನಂಬಿ ಮೊದಲು ಸಹಿ ಹಾಕುತ್ತಾರೆ?

ಎರಡನೆಯ ಕಾರಣ ಒಪ್ಪಂದದೊಳಗೇ ಇತ್ತು, ಇದರ ಬಗ್ಗೆ ಸಾಕಷ್ಟು ಮಾತಾಗಿಲ್ಲ. ಕಂಪನಿ ತನ್ನ ಹಣ ಮತ್ತು ಸಾಲದಿಂದ ರಸ್ತೆ ಕಟ್ಟಿ, ಟೋಲ್ ಎತ್ತಿ ಅದನ್ನು ಹಿಂಪಡೆಯುವ ಪದ್ಧತಿ ಇದು. ಇಡೀ ರಸ್ತೆ ಮುಗಿಯುವವರೆಗೆ ಕಾಯಬೇಕಿಲ್ಲ. ಉದ್ದದಲ್ಲಿ ಮುಕ್ಕಾಲು ಪಾಲು ಸಿದ್ಧವಾದರೆ ತಾತ್ಕಾಲಿಕ ಪ್ರಮಾಣಪತ್ರ ಪಡೆದು ಟೋಲ್ ಶುರುಮಾಡಬಹುದು. ಬಯಲು, ಗೇರುಗುಡ್ಡೆ, ಖಾಲಿ ಹಾಡಿಗಳಲ್ಲಿ ಮುಕ್ಕಾಲು ಪಾಲು ಮಾಡಿ ಮುಗಿಸುವುದು ಸುಲಭ. ಉಳಿದ ಕಾಲು ಪಾಲು ಯಾವುದು? ಪೇಟೆಗಳು, ಮೂರುಕೈಗಳು, ಶಾಲೆಯ ಎದುರುಗಳು, ಮೀನು ಮಾರುಕಟ್ಟೆಗೆ ತಿರುಗುವ ದಾರಿಗಳು. ಅಂದರೆ ಜನ ಇರುವ ಜಾಗಗಳು. ಟೋಲ್ ಶುರುವಾದ ಮೇಲೆ ಆ ಕಾಲು ಪಾಲಿಗೆ ಅವಸರ ಯಾರಿಗಿರುತ್ತದೆ? ಹೆಜಮಾಡಿ, ಸಾಸ್ತಾನಗಳ ಟೋಲ್ ಗೇಟುಗಳು 2017ರಲ್ಲಿ ಕೆಲಸ ಶುರುಮಾಡಿದವು. ತೊಕ್ಕೊಟ್ಟಿನ ಮೇಲ್ಸೇತುವೆ ತೆರೆದದ್ದು 2019ರಲ್ಲಿ. ಮಂಗಳೂರಿನ ಹೆಬ್ಬಾಗಿಲಾದ ಪಂಪ್‌ವೆಲ್‌ನ ಮೇಲ್ಸೇತುವೆ, ಹತ್ತು ವರ್ಷಗಳ ಕಾಲ ಜಿಲ್ಲೆಯ ಚುನಾವಣಾ ಭಾಷಣಗಳಲ್ಲೆಲ್ಲ ಓಡಾಡಿ, ಕೊನೆಗೆ 2020ರ ಜನವರಿ 31ರಂದು ವಾಹನಗಳಿಗೆ ತೆರೆಯಿತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನದು 2021ರಲ್ಲಿ. ಅಲ್ಲಿಯವರೆಗೆ ಕುಂದಾಪುರದ ಪೇಟೆಯ ನಡುವೆ ಅರ್ಧಕ್ಕೆ ನಿಂತ ಕಂಬಗಳ ಕೆಳಗೆ, ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು ಕುಡಿದುಕೊಂಡು ಜನ ರಸ್ತೆ ದಾಟಿದರು.

ರಸ್ತೆ ಹಾದುಹೋಗುವವನಿಗಾಗಿ ಬೇಗ ಆಯಿತು, ರಸ್ತೆ ದಾಟುವವನಿಗಾಗಿ ತಡವಾಯಿತು. ಚತುಷ್ಪಥದ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ನೋವಿನದು ಇದೇ. ಸರ್ವಿಸ್ ರಸ್ತೆ, ಅಂಡರ್‌ಪಾಸು, ಚರಂಡಿ, ಬಸ್ಸು ನಿಲ್ದಾಣದ ಮಾಡು, ಬೀದಿದೀಪ — ಪ್ರತಿಯೊಂದಕ್ಕೂ ಊರವರು ಬೀದಿಗೆ ಇಳಿಯಬೇಕಾಯಿತು. ಬೆಳಗ್ಗೆ ಡೇರಿಗೆ ಹಾಲು ಕೊಂಡುಹೋಗುವ ಹೆಂಗಸು, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗ ನಾಲ್ಕು ಪಥ ದಾಟಬೇಕು. ಡಿವೈಡರ್ ಎಲ್ಲಿ ಒಡೆದಿದೆಯೋ ಅಲ್ಲಿಗೆ ಹೋಗಲು ಎದುರು ದಿಕ್ಕಿನಲ್ಲಿ ಬರಬೇಕು. ಅಲ್ಲಿ ಸತ್ತವರನ್ನು ಮರುದಿನದ ಪತ್ರಿಕೆ ಪಾದಚಾರಿ ಎಂದಷ್ಟೇ ಬರೆಯುತ್ತದೆ. ಅವರು ತಮ್ಮದೇ ಗದ್ದೆಗೆ ಹೋಗುತ್ತಿದ್ದ ಊರವರು.

ಈ ನಡುವೆ ಒಂದು ಹೋರಾಟ ಗೆದ್ದಿತು ಎಂಬುದನ್ನೂ ಹೇಳಬೇಕು. ಸುರತ್ಕಲ್ಲಿನಲ್ಲಿ ಹಾಕಿದ್ದ ಟೋಲ್ ಗೇಟಿಗೂ ಹೆಜಮಾಡಿಯದಕ್ಕೂ ನಡುವಿನ ದೂರ ತೀರಾ ಕಡಿಮೆ. ಅದನ್ನು ಎತ್ತಿಸಬೇಕೆಂದು ಹೋರಾಟ ಸಮಿತಿ ವರ್ಷಗಟ್ಟಲೆ ಧರಣಿ ಕೂತಿತು, ಪಕ್ಷಭೇದವಿಲ್ಲದೆ ಜನ ಸೇರಿದರು. 2022ರ ಡಿಸೆಂಬರ್ 1ರಿಂದ ಅಲ್ಲಿ ಹಣ ಎತ್ತುವುದು ನಿಂತಿತು.

ಕುಂದಾಪುರದಿಂದ ಬಡಗಲಿಗೆ ಹೋದರೆ ಕಷ್ಟದ ಸ್ವರೂಪವೇ ಬೇರೆ. ಮರವಂತೆಯಲ್ಲಿ ಪಡುವಲಿಗೆ ಕಡಲು, ಮೂಡಲಿಗೆ ಸೌಪರ್ಣಿಕಾ, ನಡುವೆ ರಸ್ತೆ. ನೋಡಲು ಬರುವವರಿಗೆ ಅದು ಸೊಬಗು. ಅಲ್ಲಿನ ಮೀನುಗಾರರಿಗೆ ಪ್ರತಿ ಮಳೆಗಾಲದ ಕೊರೆತ. ಅದೇ ಸೆರಗಿನ ಮೇಲೆ ರಸ್ತೆ ಅಗಲವಾಯಿತು. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡ ಸೀಳಿದರು. ಮಳೆ ಬಂದಾಗ ಗುಡ್ಡ ರಸ್ತೆಗೆ ಇಳಿಯತೊಡಗಿತು. ಅಘನಾಶಿನಿಯ ಸುತ್ತ, ಕಗ್ಗ ಭತ್ತ ಬೆಳೆವ ಗಜನಿ ಗದ್ದೆಗಳ ಸೀಮೆಯಲ್ಲಿ, ನೀರು ಬಂದು ಹೋಗುವ ದಾರಿಗಳೇ ಬದುಕು. ಅಂಥ ನೆಲದಲ್ಲಿ ಎತ್ತರದ ಮಣ್ಣಿನ ಏರಿ ಹಾಕುವಾಗ ಮೋರಿಯ ಅಗಲ ಎಷ್ಟಿರಬೇಕೆಂದು ಊರಿನ ಮುದುಕರನ್ನು ಕೇಳಿದ್ದರೆ ಹೇಳುತ್ತಿದ್ದರು.

ಕರಾವಳಿಯ ಗುಡ್ಡಗಳ ಒಳಗನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೇಲೆ ಇರುವುದು ಮುರಕಲ್ಲು. ಬಿಸಿಲಿಗೆ ಗಟ್ಟಿಯಾಗುವ, ಮನೆ ಕಟ್ಟಲು ಕಡಿದು ತೆಗೆಯುವ ಕೆಂಪುಕಲ್ಲು. ಅದರ ಕೆಳಗೆ ಶೇಡಿಮಣ್ಣು. ಬಿಳಿ, ಹಳದಿ, ನೇರಳೆ ಬಣ್ಣದ, ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಮಣ್ಣು. ನೀರು ಕುಡಿದರೆ ಅದೇ ಮಣ್ಣು ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಬಾವಿ ತೋಡುವವರಿಗೆ ಇದು ಗೊತ್ತು: ಶೇಡಿ ಸಿಕ್ಕರೆ ಕಲ್ಲು ಕಟ್ಟದೆ ಮುಂದೆ ಹೋಗುವುದಿಲ್ಲ. ಇಂಥ ಗುಡ್ಡದ ಬುಡವನ್ನು ಕಡಿದಾಗಿ ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲಿನಿಂದ ಬರುವ ನೀರನ್ನು ಬದಿಗೆ ತಿರುಗಿಸಬೇಕು. ಹಾಗೆ ಕಡಿಯಲು ಹೆಚ್ಚು ಜಾಗ ಬೇಕು. ಹೆಚ್ಚು ಜಾಗವೆಂದರೆ ಹೆಚ್ಚು ಸ್ವಾಧೀನ, ಹೆಚ್ಚು ಅರಣ್ಯ ಅನುಮತಿ, ಇನ್ನಷ್ಟು ವರ್ಷ. ಗಡುವಿನ ಒತ್ತಡ ನೆಟ್ಟಗೆ ಕಡಿಯುವ ಕಡೆಗೇ ನೂಕುತ್ತದೆ.

2020ರಲ್ಲಿ ಕುಂದಾಪುರದಿಂದ ಬಡಗಿನ ಈ ತುಂಡಿನಲ್ಲೂ ಟೋಲ್ ಶುರುವಾಯಿತು — ಬೈಂದೂರಿನ ಶಿರೂರು, ಕುಮಟೆಯ ಹೊಳೆಗದ್ದೆ, ಅಂಕೋಲೆಯ ಹಟ್ಟಿಕೇರಿಗಳಲ್ಲಿ. ಕಾರವಾರದ ಹೊರಗೆ ಬಿಣಗಾ ಬಳಿ ಗುಡ್ಡ ಕೊರೆದು ಸುರಂಗ ತೆರೆದರು. 2023ರ ಮಳೆಗಾಲದಲ್ಲಿ ಅದರೊಳಗೆ ನೀರು ಸೋರಿದ್ದು ಕಂಡು, ಸುರಕ್ಷತೆಯ ಪತ್ರ ಎಲ್ಲಿ ಎಂದು ಜಿಲ್ಲೆಯ ಜನಪ್ರತಿನಿಧಿಗಳು ಕೇಳಿ, ಕೆಲಕಾಲ ಸಂಚಾರ ನಿಲ್ಲಿಸಿದರು. ಆ ಎಚ್ಚರ ಒಂದು ಸುರಂಗಕ್ಕೆ ಸೀಮಿತವಾಗಿ ಉಳಿಯಿತು.

2024ರ ಜುಲೈ 16ರ ಬೆಳಗ್ಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಬೈಂದೂರಿನ ಶಿರೂರು ಬೇರೆ, ಇದು ಗಂಗಾವಳಿಯ ದಡದ ಶಿರೂರು. ಅಲ್ಲಿ ಹೆದ್ದಾರಿಯ ಒಂದು ಬದಿ ಗುಡ್ಡ, ಇನ್ನೊಂದು ಬದಿ ಹೊಳೆ. ಲಾರಿಗಳವರು ನಿಂತು ಚಹಾ ಕುಡಿಯುವ ಸಣ್ಣ ಅಂಗಡಿಯೊಂದು ಹೊಳೆಯ ಬದಿಗಿತ್ತು. ದಿನಗಟ್ಟಲೆ ಸುರಿದ ಮಳೆಯ ನಂತರ ಇಳಿದ ಮಣ್ಣು ರಸ್ತೆಯನ್ನು ಮುಚ್ಚಿ, ಅಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ವಾಹನಗಳನ್ನೂ ಹೊಳೆಗೆ ನೂಕಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಆ ಹೊತ್ತಿಗೆ ಹೆದ್ದಾರಿಯಲ್ಲಿ ಇಲ್ಲದವರೂ ಹೆದ್ದಾರಿಯಿಂದ ಸತ್ತರು. ಹೊಳೆಗೆ ಬಿದ್ದ ಕೇರಳದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಮಳೆ ಅಸಾಧಾರಣವಾಗಿತ್ತು ನಿಜ. ಆದರೆ ರಸ್ತೆಗಾಗಿ ಕಡಿದ ಇಳಿಜಾರಿನ ಪಾತ್ರವನ್ನು ಭೂವಿಜ್ಞಾನಿಗಳು ಮರೆಮಾಚಲಿಲ್ಲ.

ಮೂರು ವಾರ ಕಳೆದೊಡನೆ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಮುರಿದು ನೀರಿಗೆ ಬಿತ್ತು. ನಲವತ್ತು ವರ್ಷ ದಾಟಿದ ಸೇತುವೆ. ಚತುಷ್ಪಥ ಮಾಡುವಾಗ ಅದರ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿ, ಹಳೆಯದನ್ನು ಗೋವಾ ಕಡೆಯಿಂದ ಬರುವ ವಾಹನಗಳಿಗೆ ಉಳಿಸಿಕೊಂಡಿದ್ದರು. ಲೆಕ್ಕದಲ್ಲಿ ಹೀಗೆ ಒಂದು ಸೇತುವೆಯ ಖರ್ಚು ಉಳಿಯಿತು. ಆ ಹೊತ್ತಿಗೆ ಸೇತುವೆಯ ಮೇಲಿದ್ದದ್ದು ಒಂದೇ ಲಾರಿ. ಪೊಲೀಸರೂ ಸ್ಥಳೀಯ ಮೀನುಗಾರರೂ ಸೇರಿ ಅದರ ಚಾಲಕನನ್ನು ಬದುಕಿಸಿದರು. ಹಗಲಾಗಿದ್ದರೆ ಏನಾಗುತ್ತಿತ್ತೆಂದು ಕಾರವಾರದಲ್ಲಿ ಎಲ್ಲರೂ ಲೆಕ್ಕ ಹಾಕಿದರು. ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆ ಬಂದವು, ಕಾಳಿಯ ಮೇಲೆ ಚತುಷ್ಪಥ ಮತ್ತೆ ದ್ವಿಪಥವಾಯಿತು.

ಈಗ ಹೆದ್ದಾರಿ ಬಹುಪಾಲು ಇದೆ, ಉಪಯೋಗವೂ ಆಗಿದೆ. ಮಂಗಳೂರಿನ ಆಸ್ಪತ್ರೆಗೆ ಓಡುವ ಭಟ್ಕಳದ ಆಂಬುಲೆನ್ಸ್ ಮೊದಲಿಗಿಂತ ಬೇಗ ಮುಟ್ಟುತ್ತದೆ. ಮಲ್ಪೆಯ ಮೀನು ಕೆಡದೆ ಗೋವೆ ಸೇರುತ್ತದೆ. ಅದನ್ನು ಸಣ್ಣದು ಎನ್ನಲಾರೆ. ಉಳಿದಿರುವ ಕೆಲಸಗಳು ಮಾತ್ರ ಆ ಹಳೆಯ ಕಾಲು ಪಾಲಿನವೇ: ಪೇಟೆಗಳ ಅಂಡರ್‌ಪಾಸುಗಳು, ಸರ್ವಿಸ್ ರಸ್ತೆಗಳು, ಕೂಳೂರಿನಲ್ಲಿ ವರ್ಷಗಟ್ಟಲೆ ಕುಂಟಿದ ಹೊಸ ಸೇತುವೆ, ಹೊನ್ನಾವರದವರು ಕೇಳುತ್ತ ಬಂದ ಮೇಲ್ಸೇತುವೆ, ಪರಿಹಾರದ ಹೆಚ್ಚಳಕ್ಕಾಗಿ ಮಧ್ಯಸ್ಥಿಕೆಗೆ ಹೋದ ಕಡತಗಳು. ಇವಕ್ಕೆ ಸೇರಬೇಕಾದದ್ದು ಇನ್ನೊಂದಿದೆ. ಉತ್ತರ ಕನ್ನಡದಲ್ಲಿ ಕುಸಿಯಬಹುದಾದ ಇಳಿಜಾರುಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿಟ್ಟಿದೆ. ಹೆದ್ದಾರಿಯಂಚಿನ ಪ್ರತಿ ಗ್ರಾಮ ಪಂಚಾಯ್ತಿಯ ಕಚೇರಿಯಲ್ಲಿ ಆ ಪಟ್ಟಿಯನ್ನು ಕನ್ನಡದಲ್ಲಿ ಹಚ್ಚಬೇಕು, ಯಾವ ಗುಡ್ಡ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಯಾವ ಮಳೆಗೆ ಯಾರು ಮನೆ ಬಿಡಬೇಕು, ರಸ್ತೆ ಮುಚ್ಚುವ ಅಧಿಕಾರ ಯಾರದ್ದು ಎಂಬುದರ ಸಮೇತ, ಮುಂದಿನ ಮುಂಗಾರಿಗೆ ಮೊದಲು.